ಹದಿನಾಲ್ಕನೇ ಸಾಲಿನ ಸದ್ದು

ತವಮಲರ್ ದಿನವೆಲ್ಲ ದುಡಿದು ಮೂರು ಚಾಪೆ ಹಾಸುವಷ್ಟು ನೆಲ ಮುಗಿಸುತ್ತಿದ್ದಳು. ಅದೇ ವೇಗದಲ್ಲಿ ಪಳೈ ಊರಿನಿಂದ ಯಾಳ್ಪಾಣ ಪಟ್ಟಣಕ್ಕೆ ಹೊರಟಿದ್ದರೆ, ತಲುಪುವ ಹೊತ್ತಿಗೆ ಅವಳ ಮರಿಮೊಮ್ಮಗಳಿಗೂ ಹಲ್ಲುದುರಿರುತ್ತಿತ್ತು. ಆದರೆ ಅವಳು ಮುಗಿಸಿದ ನೆಲದ ಮೇಲೆ ಕೂಸನ್ನು ಅಂಬೆಗಾಲಿಗೆ ಬಿಟ್ಟು ಅಮ್ಮ ನಿದ್ದೆ ಹೊಡೆಯಬಹುದಿತ್ತು. ಎಂಟು ಹೆಂಗಸರ ಆ ತಂಡದಲ್ಲಿ ಎಲ್ಲರೂ ಅವಳನ್ನು ಮಲರಕ್ಕ ಎನ್ನುತ್ತಿದ್ದರು, ಅವಳಿಗಿಂತ ಆರು ವರ್ಷ ದೊಡ್ಡವಳಾದ ಶಿಬಿರದ ಅಡುಗೆಯವಳೂ ಸೇರಿ.

ಯುದ್ಧ ಮುಗಿದು ಆರು ವರ್ಷವಾಗಿತ್ತು. ಆ ಸುದ್ದಿಯನ್ನು ನೆಲಕ್ಕೆ ಮಾತ್ರ ಯಾರೂ ಮುಟ್ಟಿಸಿರಲಿಲ್ಲ. ಬೂಟ್ ಪಾಲಿಶ್ ಡಬ್ಬಿಯಷ್ಟಿದ್ದ ನೆಲಬಾಂಬ್‌ಗಳು ತಾಳೆಮರಗಳ ನಡುವೆ, ಒಂದು ಗೇಣು ಆಳದಲ್ಲಿ, ಯಾರದಾದರೂ ಹಿಮ್ಮಡಿಗಾಗಿ ಕಾಯುತ್ತ ಮಲಗಿದ್ದವು. ಅವನ್ನು ಹುಡುಕಿ ತೆಗೆಯಲು ಯೂರೋಪಿನಿಂದ ಒಂದು ಸಂಸ್ಥೆ ಬಂದಿತ್ತು. ಗಂಡಸರೂ ಹೆಂಗಸರೂ ಸಮಾನರು ಎಂದು ಆ ಸಂಸ್ಥೆ ಬರೆಸಿದ ಕಾಗದಗಳನ್ನು ಉದ್ದಕ್ಕೆ ಹಾಸಿದ್ದರೆ, ಕಾಲಿಗೆ ಮಣ್ಣು ತಾಗದೆ ರಾಜಧಾನಿ ಕೊಳುಂಬಿಗೆ ನಡೆದು ಹೋಗಿ ವಾಪಸು ಬರಬಹುದಿತ್ತು. ಆದರೂ ಆ ಬಯಲಿನ ಹನ್ನೆರಡು ತಂಡನಾಯಕರೂ ಗಂಡಸರೇ. ಹೆಂಗಸರ ತಂಡಕ್ಕೂ ನಾಯಕ ಗಂಡಸೇ.

ಕೆಲಸದ ಮೊದಲ ನಿಯಮ, ಮೈಮೇಲೆ ಲೋಹ ಇರಬಾರದು ಎಂಬುದು. ಲೋಹ ಹುಡುಕುವ ಯಂತ್ರಕ್ಕೆ ಕಿವಿ ಉಂಟು, ವಿವೇಕವಿಲ್ಲ; ಬಾಂಬಿಗೂ ಬಳೆಗೂ ಒಂದೇ ರಾಗ. ಬಳೆ, ಕಾಲುಂಗುರವನ್ನೆಲ್ಲ ಹೆಂಗಸರು ಮನೆಯಲ್ಲೇ ಬಿಟ್ಟು ಬಂದರು. ಮಾತು ತಾಳಿಗೆ ಬಂದಾಗ ಅರ್ಧ ಜನ ಹೊರಟೇ ಹೋದರು. ತವಮಲರ್‌ಳ ಗಂಡ ಸಿವಪಾಲನ್ ಯುದ್ಧದ ಕೊನೆಯ ವಾರ ಕಾಣೆಯಾದವನು. ಸತ್ತನೆಂದು ಯಾರೂ ಕಾಗದ ಕೊಟ್ಟಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ. ತಾಳಿ ಬಿಚ್ಚಿದರೆ ಆ ಕಾಗದಕ್ಕೆ ತಾನೇ ಸಹಿ ಹಾಕಿದಂತೆ. ಆದ್ದರಿಂದ ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಬಂದಳು. ಯಂತ್ರ ಉಸಿರೆತ್ತಲಿಲ್ಲ. ಮರುವಾರ ಹೊರಟುಹೋದವರೆಲ್ಲ ಕೊರಳಲ್ಲಿ ಅರಿಶಿನ ಕಟ್ಟಿಕೊಂಡು ಮರಳಿದರು. ಪಳೈ ಸಂತೆಯಲ್ಲಿ ಅರಿಶಿನಕ್ಕೆ ಬರ ಬಂದು, ಊರಿನ ಸಾರೆಲ್ಲ ಮೂರು ತಿಂಗಳು ಬೆಳ್ಳಗಿತ್ತು.

ಲೋಹವಿಲ್ಲವೆಂದು ದಿನಾ ಬೆಳಗ್ಗೆ ಯಂತ್ರ ಹಿಡಿದು ಪರೀಕ್ಷಿಸಬೇಕಾದವನು ಮೇಲ್ವಿಚಾರಕ ಜೆಯಸೀಲನ್. ಅವನ ಮೀಸೆಯ ಎರಡು ತುದಿಗೆ ಎರಡು ಕಾಗೆ ಕೂತರೂ ಅದು ಬಾಗುತ್ತಿರಲಿಲ್ಲ. ಅಂಥವನು ಹೆಂಗಸರ ಎದೆಯ ಹತ್ತಿರ ಯಂತ್ರ ಆಡಿಸುವುದು ಯಾರಿಗೂ ಬೇಡವಾಗಿತ್ತು, ಅವನಿಗೂ. ಸಾಲಾಗಿ ನಿಲ್ಲಿಸಿ, ತಾಳೆಮರದ ತುದಿ ನೋಡುತ್ತ, "ಏನೂ ಇಲ್ಲ ತಾನೇ?" ಎನ್ನುತ್ತಿದ್ದ. ಎಲ್ಲರೂ ತಲೆಯಾಡಿಸುತ್ತಿದ್ದರು. ಪರೀಕ್ಷೆ ಮುಗಿಯಿತು. ಇದಕ್ಕೊಬ್ಬ ಹೆಂಗಸನ್ನು ನೇಮಿಸಿ ಎಂದು ತವಮಲರ್ ಎರಡು ಸಲ ಅರ್ಜಿ ಬರೆದಳು. ನಲವತ್ತು ಪುಟದ ಸಮಾನತೆಯ ಪುಸ್ತಕದಲ್ಲಿ ಅಂಥ ಹುದ್ದೆ ಇಲ್ಲ ಎಂದು ಎರಡು ಸಲ ಉತ್ತರ ಬಂತು.

ಕೊನೆಗೆ, ಹೆಂಗಸೊಬ್ಬಳನ್ನು ತಂಡನಾಯಕಿ ಮಾಡಲೇಬೇಕೆಂದು ಮುಖ್ಯ ಕಚೇರಿ ಹಟ ಹಿಡಿಯಿತು. ಹೆಸರು ತವಮಲರ್‌ಳದು. ಆ ಶುಕ್ರವಾರ ಮುಖ್ಯ ಕಚೇರಿಯ ಸಮಾನತಾ ಅಧಿಕಾರಿ, ಡೆನ್ಮಾರ್ಕಿನ ಹೆಲ್ಲೆ, ಬಂದು ಹೆಂಗಸರು ಶುದ್ಧಮಾಡಿದ ಹದಿನಾಲ್ಕನೇ ಸಾಲಿನಲ್ಲಿ ನಡೆದು, ಫೋಟೋ ತೆಗೆಸಿಕೊಂಡು, ತವಮಲರ್‌ಳ ತೋಳಿಗೆ ನಾಯಕಿಯ ಪಟ್ಟಿ ಕಟ್ಟುವುದೆಂದು ತೀರ್ಮಾನವಾಯಿತು. ಸಾಲಿನ ಮರುತಪಾಸಣೆಯನ್ನು ಜೆಯಸೀಲನ್ ಟೀ ಕುಡಿಯುತ್ತ ಕಾಗದದ ಮೇಲೇ ಮುಗಿಸಿದ.

"ಇವತ್ತು ಪಟ್ಟ ಕಟ್ಟಿಸ್ಕೊ, ಮಲರ್," ಎಂದ ಅವನು ಅಂದು ಬೆಳಗ್ಗೆ. "ಒಂದೇ ಒಂದು ತಪ್ಪಾಗ್ಲಿ, ಎಂಟೂ ಜನ ಅಡುಗೆಮನೆಗೆ. ಪತ್ರ ಬರೆದು ಜೇಬಲ್ಲಿಟ್ಕೊಂಡಿದೀನಿ, ತಾರೀಕು ಹಾಕೋದೊಂದೇ ಬಾಕಿ."

"ತಪ್ಪು ಗಂಡಸರು ಮಾಡಿದ್ರೆ ಯಾವ ಮನೆಗೆ ಕಳಿಸ್ತೀರ, ಸರ್?"

"ಅವರು ಮಾಡಲ್ಲ."

"ಹೌದು, ಮೊನ್ನೆ ನಾಲ್ಕನೇ ತಂಡದ ಪೀಟರಣ್ಣ ಯಂತ್ರದ ಬ್ಯಾಟರಿ ತಿರುಗಾಮುರುಗಾ ಹಾಕಿದ್ದು ತಪ್ಪಲ್ಲ, ಸಂಶೋಧನೆ."

ಹೆಂಗಸರು ನಕ್ಕರು. ತವಮಲರ್ ನಗಲಿಲ್ಲ, ಆ ಪತ್ರ ನಿಜವಾಗಿಯೂ ಜೇಬಿನಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು.

ಹತ್ತು ಗಂಟೆಗೆ ಬಿಳಿ ಜೀಪು ಬಂತು. ಬಿಸಿಲು ಹೇಗಿತ್ತೆಂದರೆ ಹಲ್ಲಿಗಳು ನೆರಳನ್ನು ಬಾಡಿಗೆಗೆ ಕೇಳುತ್ತಿದ್ದವು. ಹೆಲ್ಲೆ ಕೈ ಕುಲುಕುತ್ತ ಹತ್ತು ನಿಮಿಷ ಮಾತಾಡಿದಳು. ಜೆಯಸೀಲನ್ ಅದನ್ನು ತಮಿಳಿಗೆ ತಂದ: "ಸಂತೋಷವಂತೆ." ಅವಳಿಗೆ ರಕ್ಷಣೆಯ ಅಂಗಿ ತೊಡಿಸುವುದು ನಡೆಯುತ್ತಿದ್ದಾಗ, ತಂಡದ ಕಿರಿಯಳು ಕಿರುಷಾಂತಿ ತವಮಲರ್‌ಳ ಪಕ್ಕಕ್ಕೆ ಬಂದಳು. ಮದುವೆಯಾಗಿ ಎರಡು ತಿಂಗಳು, ಕೆಲಸಕ್ಕೆ ಸೇರಿ ಐದು ವಾರ.

"ಅಕ್ಕಾ, ಫೋಟೋಗೆ ತಾಳಿ ಹೊರಗೆ ಹಾಕ್ಕೊಳ್ಲಾ? ಅತ್ತೆ ನೋಡಿದ್ರೆ ಖುಷಿಪಡ್ತಾರೆ."

"ಅರಿಶಿನದ ಕೊಂಬು ನೋಡಿ ಏನು ಖುಷಿ ನಿಮ್ಮತ್ತೆಗೆ?"

ಕಿರುಷಾಂತಿ ನಾಚಿದಳು. "ಚಿನ್ನದ್ದೇ ಅಕ್ಕಾ. ಅತ್ತೆ ಬಿಚ್ಚಕ್ಕೆ ಬಿಡಲಿಲ್ಲ. ಒಳಗೆ ಪಿನ್ನು ಹಾಕಿ ಸಿಕ್ಕಿಸಿಬಿಟ್ಟಿದೀನಿ."

ತವಮಲರ್ ಅವಳ ಕಡೆಗೆ ಪೂರ್ತಿ ತಿರುಗಿದಳು. "ಯಂತ್ರ ಕೂಗ್ಲಿಲ್ವಾ?"

"ಒಂದೇ ಸಲ, ಸೋಮವಾರ. ಅದು ತಾಳಿ ಸದ್ದೇ ಅಕ್ಕಾ, ನಾನು ನೋಡ್ದೆ. ಬಗ್ಗಿದ್ರೆ ಕೂಗ್ತಿತ್ತು, ನೆಟ್ಟಗೆ ನಿಂತ್ರೆ ಸುಮ್ಮನಾಗ್ತಿತ್ತು."

"ಯಾವ ಸಾಲು?"

"ಹದಿನಾಲ್ಕು. ತುದೀಲಿ, ಮುರಿದ ಬಾವಿಕಟ್ಟೆ ಹತ್ರ."

ಬಗ್ಗಿದರೆ ತಾಳಿ ಯಂತ್ರಕ್ಕೆ ಒಂದಿಷ್ಟು ಹತ್ತಿರ ಬಂದೀತು, ನಿಜ. ಆದರೆ ಯಂತ್ರದ ತಟ್ಟೆ ಇರುವುದು ಮಾರುದ್ದದ ಕೋಲಿನ ತುದಿಯಲ್ಲಿ. ಬಗ್ಗಿದಾಗ ಆ ತಟ್ಟೆಯೂ ನೆಲಕ್ಕೆ ಇಳಿಯುತ್ತದೆ. ಅದು ಕೂಗಿದ್ದು ಮೇಲಿದ್ದುದಕ್ಕಲ್ಲ, ಕೆಳಗಿದ್ದುದಕ್ಕೆ.

ತಲೆಯೆತ್ತಿದಳು. ಹೆಲ್ಲೆ ಆಗಲೇ ಹದಿನಾಲ್ಕನೇ ಸಾಲಿಗೆ ಕಾಲಿಟ್ಟಿದ್ದಳು. ಹಿಂದೆ ಜೆಯಸೀಲನ್, ಅವನ ಹಿಂದೆ ಫೋಟೋದವನು. ಬಾವಿಕಟ್ಟೆಗೆ ಮೂವತ್ತು ಹೆಜ್ಜೆ ಇರಬಹುದು. ಸೀಟಿ ಊದಿದರೆ ಪಟ್ಟಿ ಹೋಯಿತು, ಜೇಬಿನ ಪತ್ರಕ್ಕೆ ತಾರೀಕು ಬಿತ್ತು, ಎಂಟು ಮನೆಯ ಒಲೆ ತಣ್ಣಗಾಯಿತು. ಕೂಗಿದ್ದು ಬರೀ ಮೊಳೆಗೂ ಇರಬಹುದು. ಆ ಬಯಲಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸದ್ದು ಮೊಳೆಯದೇ, ಡಬ್ಬಿಯದೇ.

ಇಪ್ಪತ್ತು ಹೆಜ್ಜೆ.

ತವಮಲರ್ ಸೀಟಿಯನ್ನು ಬಾಯಿಗಿಟ್ಟು ಮೂರು ಸಲ ಊದಿದಳು. ಇದ್ದಲ್ಲೇ ನಿಲ್ಲಿ ಎಂದರ್ಥ. ಬಯಲಿನ ತೊಂಬತ್ತು ಜನ ಒಂದೇ ಕ್ಷಣದಲ್ಲಿ ಕಲ್ಲಾದರು. ತಾಳೆಗರಿ ಅಲ್ಲಾಡಲೂ ಅಪ್ಪಣೆ ಕೇಳುವಂತಿತ್ತು. ಹೆಲ್ಲೆಗೆ ಮಾತ್ರ ಸೀಟಿಯ ಭಾಷೆ ಬರುತ್ತಿರಲಿಲ್ಲ. ಸ್ವಾಗತವೆಂದುಕೊಂಡು ಕೈಬೀಸಿ ಇನ್ನೂ ನಾಲ್ಕು ಹೆಜ್ಜೆ ಹೋದಳು. ಜೆಯಸೀಲನ್ ಹಾರಿ ಅವಳ ಅಂಗಿಯ ಕತ್ತುಪಟ್ಟಿ ಹಿಡಿದ.

"ಏನೇ ಅದು?" ಎಂದು ಅಲ್ಲಿಂದಲೇ ಕಿರುಚಿದ.

"ಸರ್, ಬಂದ ಹೆಜ್ಜೆ ಮೇಲೇ ಹಿಂದಕ್ಕೆ ಬನ್ನಿ. ಬಾವಿ ಹತ್ರ ಅಗೆಯದೆ ಬಿಟ್ಟ ಸದ್ದಿದೆ."

"ಯಾರು ಬಿಟ್ಟಿದ್ದು?"

ಕಿರುಷಾಂತಿ ಅವಳ ತೋಳನ್ನು ಉಗುರು ಇಳಿಯುವಂತೆ ಹಿಡಿದಿದ್ದಳು.

"ನನ್ನ ಸಾಲು, ಸರ್. ಮೊದಲು ಹೊರಗೆ ಬನ್ನಿ, ಬೈಯೋದು ಆಮೇಲೆ."

ಅವರು ಹೊರಬಂದ ಮೇಲೆ ತವಮಲರ್ ಒಬ್ಬಳೇ ಒಳಗೆ ಹೋದಳು. ಬಾವಿಕಟ್ಟೆಯ ಬಳಿ ಯಂತ್ರವನ್ನು ಇಳಿಸಿದಳು. ಸೊಳ್ಳೆಯ ಕೆಮ್ಮಿನಷ್ಟು ಸಣ್ಣ ಸದ್ದು. ಎತ್ತಿದಳು, ಮೌನ. ಇಳಿಸಿದಳು, ಸದ್ದು. ಹೊಟ್ಟೆಯ ಮೇಲೆ ಮಲಗಿ ಪಕ್ಕದಿಂದ ಮಣ್ಣು ಕೆದಕತೊಡಗಿದಳು, ಒಂದು ಸಲಕ್ಕೆ ಒಂದು ಚಿಟಿಕೆ. ಮುಖದ ಗಾಜಿನೊಳಗೆ ಬೆವರು ಮೂಗಿನ ತುದಿಗೆ ಬಂದು ನಿಂತಿತು, ಒರೆಸುವಂತಿಲ್ಲ. ಒಂದು ಚಿಟಿಕೆ. ಇನ್ನೊಂದು. ಹೊರಗೆ ನಿಂತವರು ಉಸಿರು ಬಿಗಿಹಿಡಿದದ್ದು ಎಷ್ಟು ಹೊತ್ತೆಂದರೆ ಫೋಟೋದವನು ನೀಲಿಯಾಗಿ ಮತ್ತೆ ಬಿಳಿಯಾದ. ಇಪ್ಪತ್ತೆರಡನೇ ನಿಮಿಷಕ್ಕೆ ಸಲಾಕೆಯ ತುದಿಗೆ ಕಲ್ಲಲ್ಲದ, ಬೇರಲ್ಲದ ಏನೋ ತಾಗಿತು. ಕಂದು ಬಣ್ಣದ ಅಂಚು, ದುಂಡಗೆ. ಅವಳು ಎದ್ದು ಕೆಂಪು ಕೋಲು ನೆಟ್ಟು, ಹಿಂದೆ ತಿರುಗಿ ನೋಡದೆ ಕೈ ಎತ್ತಿದಳು. ಜೀವಂತವಿದೆ ಎಂದರ್ಥ.

ಮಧ್ಯಾಹ್ನ ಅದನ್ನು ಸಿಡಿಸಿದರು. ಸಂಜೆ ಹೆಲ್ಲೆಯ ಎದುರು ವಿಚಾರಣೆ. ಜೆಯಸೀಲನ್ ಪತ್ರಕ್ಕೆ ತಾರೀಕು ಹಾಕಿ ತಂದಿದ್ದ. ತವಮಲರ್ ಕಿರುಷಾಂತಿಯ ಹೆಸರನ್ನು ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಹುಡುಗಿ ಇನ್ನೊಂದು ಸದ್ದನ್ನೂ ಅಗೆಯದೆ ಬಿಡುತ್ತಾಳೆ ಎಂದಳು. ಆಮೇಲೆ ತನ್ನ ಎರಡು ಅರ್ಜಿ, ಎರಡು ಉತ್ತರಗಳನ್ನು ಮೇಜಿನ ಮೇಲಿಟ್ಟಳು. "ಐದು ವಾರ ಇವಳ ಮೈಮೇಲೆ ಯಂತ್ರ ಹಿಡಿದವರು ಯಾರೂ ಇಲ್ಲ. ಕೇಳಿ, ಸರ್ ಹಿಡಿದಿದಾರಾ?"

ಈ ಸಲ ಜೆಯಸೀಲನ್ ಮಾತನ್ನು ಪೂರ್ತಿ ಅನುವಾದಿಸಬೇಕಾಯಿತು. ಹೆಲ್ಲೆ ಆ ಎರಡು ಉತ್ತರಗಳ ಕೆಳಗಿದ್ದ ಸಹಿಯನ್ನು ನೋಡಿದಳು. ಅದು ಅವಳದೇ ಕಚೇರಿಯದು.

ಪಟ್ಟಿ ಅಂದು ಸಿಗಲಿಲ್ಲ. ಎಂಟೂ ಹೆಂಗಸರು ಹದಿನೇಳು ದಿನ ಮನೆಯಲ್ಲಿ ಕೂತರು. ಕಿರುಷಾಂತಿ ಮತ್ತೆ ಮೊದಲಿನಿಂದ ತರಬೇತಿಗೆ ಹೋದಳು. ಹದಿನೆಂಟನೇ ದಿನ ಆದೇಶ ಬಂತು: ಹೆಂಗಸರು ಕೆಲಸಕ್ಕೆ ಮರಳಬಹುದು; ಇನ್ನು ಗಂಡಸಿರಲಿ ಹೆಂಗಸಿರಲಿ, ಪ್ರತಿಯೊಬ್ಬರಿಗೂ ದಿನಾ ಯಂತ್ರ ಹಿಡಿಯತಕ್ಕದ್ದು, ಬೇರೆ ಬೇರೆ ಮರೆಯಲ್ಲಿ, ತಪ್ಪಿದರೆ ತಂಡನಾಯಕರೇ ಹೊಣೆ. ಹೆಂಗಸರ ಮರೆಗೆ ಅಡುಗೆಯವಳಿಗೇ ಯಂತ್ರ ಹಿಡಿಯಲು ಕಲಿಸಿ ನಿಲ್ಲಿಸಿದರು. ಮತ್ತು ತವಮಲರ್ ನಾಯಕಿ. ಹೆಂಗಸರ ತಂಡಕ್ಕಲ್ಲ, ಪೀಟರನಿರುವ ನಾಲ್ಕನೇ ತಂಡಕ್ಕೆ. ಅಲ್ಲಿ ಒಂಬತ್ತೂ ಗಂಡಸರು.

ಮೊದಲ ಬೆಳಗ್ಗೆ ಒಂಬತ್ತು ಜನ ಸಾಲಾಗಿ ನಿಂತರು, ಮುಖಗಳು ಹುಳಿ ಹಾಕಿದಂತೆ. ಮರೆಯಲ್ಲಿ ಜೆಯಸೀಲನ್ ಯಂತ್ರ ಹಿಡಿದ, ಅವಳು ಹೊರಗೆ ಪುಸ್ತಕ ಹಿಡಿದು ನಿಂತಳು. ಪೀಟರನ ಸೊಂಟಕ್ಕೆ ಬಂದಾಗ ಯಂತ್ರ ಮದುವೆಮನೆಯ ನಾದಸ್ವರದಂತೆ ಬಾಯಿಬಿಟ್ಟಿತು.

"ಏನದು, ಪೀಟರಣ್ಣಾ?" ಎಂದು ಹೊರಗಿನಿಂದಲೇ ಕೇಳಿದಳು.

"ಉಡಿದಾರದ ತಾಯತ. ಅಜ್ಜಿ ಕಟ್ಟಿದ್ದು. ಹುಟ್ಟಿದಾಗಿಂದ ಬಿಚ್ಚಿಲ್ಲ."

"ಎಷ್ಟು ವರ್ಷ ಕೆಲಸ ಮಾಡಿದೀರ ಇಲ್ಲಿ?"

ಮೂರು ವರ್ಷವೆಂದು ಎಲ್ಲರಿಗೂ ಗೊತ್ತಿತ್ತು. ಸಾಲಿನಲ್ಲಿ ಉಳಿದವರಲ್ಲಿ ಐದು ಜನರ ಕೈ ಮೆಲ್ಲಗೆ ತಮ್ಮ ತಮ್ಮ ಸೊಂಟಕ್ಕೆ ಹೋಯಿತು. ಯಾರೂ ನಗಲಿಲ್ಲ, ತವಮಲರ್ ಕೂಡ. ಪುಸ್ತಕ ಮುಚ್ಚಿದಳು.

"ಇವತ್ತು ಹೊಸ ಸಾಲು ಹಿಡಿಯೋದು ಬೇಡ. ಪೀಟರಣ್ಣಾ, ನಿಮ್ಮ ಹಳೇ ಸಾಲುಗಳ ನಕ್ಷೆ ತನ್ನಿ. ಮೊದಲನೇದ್ರಿಂದ ಮತ್ತೆ ಶುರುಮಾಡೋಣ."