ಕಾಕಾ ಬಡಿದು ಆರಿಸಿದ ಸ್ಪೀಕರ್

ಹೋದ ವಾರ ಸೊಸೆ ಅಂಗಳದಲ್ಲಿ ಕೂತು ಹಳೆಯ ತಾಮ್ರದ ಕೊಡಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ಹುಳಿಯೂ ತಾಮ್ರವೂ ಕೂಡಿದ ಆ ವಾಸನೆ ಒಳಗಿನ ಕೋಣೆಯವರೆಗೂ ಬಂತು. ಓದುತ್ತಿದ್ದ ಪೇಪರ್ ಕೆಳಗಿಟ್ಟು ಎದ್ದು ಹೋದವನೇ ಕೊಡದ ಹೊಟ್ಟೆಗೆ ಉಂಗುರದ ಬೆರಳಿನಿಂದ ಒಂದು ಸಲ ಬಡಿದೆ. "ಬಿರಿದದೇನ್ರಿ ಮಾವ?" ಎಂದು ಅವಳು ಗಾಬರಿಯಾದಳು. ಇಲ್ಲವ್ವ, ಸುಮ್ಮನೆ ಬಡಿದೆ ಎಂದೆ. ಸುಮ್ಮನೆ ಬಡಿದದ್ದಲ್ಲ... ಪಕ್ಕದ ಮನೆಯ ಕಾಕಾ ನೆನಪಾಗಿದ್ದರು.

ಬಸವಕಲ್ಯಾಣದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇರಲಿಲ್ಲ, ಓಣಿಗೆಲ್ಲ ಅವರು ಕಾಕಾ. ತಾಮ್ರದ ಪಾತ್ರೆ ಬಡಿಯುವುದು ಅವರ ಕಸುಬು. ಬೆಳಿಗ್ಗೆ ಶುರುವಾದ ಸುತ್ತಿಗೆಯ ಸದ್ದು ಊಟದ ಹೊತ್ತಿಗಷ್ಟೇ ನಿಲ್ಲುತ್ತಿತ್ತು. ಅವರ ಕೈಗೆ ಸದಾ ಹುಣಸೆಹಣ್ಣು, ತಾಮ್ರ, ಹೊಗೆ ಮೂರೂ ಬೆರೆತ ವಾಸನೆ. ಯಾವ ಪಾತ್ರೆಯನ್ನೇ ಕೊಡಿ, ಉಂಗುರದಿಂದ ಒಂದೇ ಪೆಟ್ಟು ಕೊಟ್ಟು ಕಿವಿ ಹತ್ತಿರ ತರುತ್ತಿದ್ದರು. ಠಣ್ ಎಂದರೆ ಗಟ್ಟಿ, ಭದ್ ಎಂದರೆ ಎಲ್ಲೋ ಬಿರುಕಿದೆ ಎಂದರ್ಥ. ಓಣಿಯಲ್ಲಿ ಯಾರೇ ಏನೇ ಕೊಳ್ಳಲಿ, ಕಾಕಾ ಬಡಿದು ನೋಡದೆ ಅದು ಮನೆಯೊಳಗೆ ಬರುತ್ತಿರಲಿಲ್ಲ. ಕಲ್ಲಂಗಡಿ ಹಣ್ಣನ್ನೂ ಬಡಿದರು, ಬಾಗಿಲಿನ ಹಲಗೆಯನ್ನೂ ಬಡಿದರು. ನಮ್ಮ ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ಕೈಗೆ ಬಂದ ನೀರಿನ ತಂಬಿಗೆಯನ್ನು ಬಡಿದು, "ತಂಬಿಗಿ ಬಿರಿದದ. ಹುಡುಗಿ ಚೊಲೋ ಇದ್ದಾಳ" ಎಂದುಬಿಟ್ಟರು. ಬೀಗರು ನಕ್ಕರು, ಸಂಬಂಧ ಕುದುರಿತು.

ಕಾಕಿಗೆ ಮಾತ್ರ ಅವರ ಮೇಲೆ ಒಂದು ತಕರಾರಿತ್ತು. ಕಾಕಿಯದು ಸಣ್ಣ, ಚೂಪು ದನಿ. ಊಟಕ್ಕೆ ಕರೆದರೆ ನಾಲ್ಕು ಮನೆಯಾಚೆ ಕೇಳುತ್ತಿತ್ತು, ಎದುರಿಗೇ ಕೂತ ಕಾಕಾ ತಿರುಗಿ ನೋಡುತ್ತಿರಲಿಲ್ಲ. "ಬೇಕಂತಲೇ ಕೇಳಿಸ್ಕೊಳ್ಳಂಗಿಲ್ಲ ನೋಡ್ರಿ ಈ ಮನಷ್ಯಾ" ಎಂದು ನಮ್ಮ ಅವ್ವನ ಮುಂದೆ ದೂರುತ್ತಿದ್ದರು. ಅದೇ ಸುಮಾರಿಗೆ ಕಾಕಾ ಗುರುವಾರದ ಭಜನೆಯನ್ನೂ ಬಿಟ್ಟರು. ಇಪ್ಪತ್ತು ವರ್ಷ ಮುಂದೆ ಕೂತು ತಾಳ ಹಾಕಿದವರು, ಮೊಣಕಾಲು ನೋವು ಎಂದರು. ಅದೇ ಮೊಣಕಾಲಿನಲ್ಲಿ ನಮ್ಮ ಮಾಳಿಗೆ ಹತ್ತಿ ಶೇಂಗಾ ಒಣಹಾಕುತ್ತಿದ್ದರು... ನಮಗ್ಯಾರಿಗೂ ಅದು ಹೊಳೆಯಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ಮಸ್ಕತ್‌ನಲ್ಲಿದ್ದ ನಮ್ಮ ಭಾವ ಬರುವಾಗ ಒಂದು ಟೇಪ್ ಡೆಕ್, ಒಂದು ಆಂಪ್ಲಿಫೈಯರ್ ತಂದರು. ಸ್ಪೀಕರ್ ಮಾತ್ರ ತರಲಾಗಲಿಲ್ಲ, ವಿಮಾನದಲ್ಲಿ ಅಷ್ಟು ದೊಡ್ಡ ಡಬ್ಬಿಗೆ ಜಾಗವಿಲ್ಲ ಎಂದರು. ತಿಂಗಳುಗಟ್ಟಲೆ ಅವೆರಡೂ ಮೇಜಿನ ಮೇಲೆ ಮೂಗರಂತೆ ಕೂತಿದ್ದವು. ಕೊನೆಗೆ ಹುಮನಾಬಾದಿನ ಅಂಗಡಿಯೊಂದಕ್ಕೆ ಹೈದರಾಬಾದಿನಿಂದ ಎರಡು ಜೊತೆ ಭಾರೀ ಸ್ಪೀಕರ್ ಬಂದಿವೆ ಎಂಬ ಸುದ್ದಿ ಸಿಕ್ಕಿತು. ಆಗಷ್ಟೇ ನೌಕರಿ ಹಿಡಿದಿದ್ದ ನನಗೆ ತಡೆಯಲಾಗಲಿಲ್ಲ. ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ. ಕಾಕಾನನ್ನು ಕರೆದುಕೊಂಡು ಹೋಗಬೇಕು.

ಹುಮನಾಬಾದಿನಲ್ಲಿ ಬಸ್ಸಿಳಿದು ಮೊದಲು ಪಕ್ಕದ ಮಾಣಿಕನಗರದ ಗುಡಿಗೆ ಹೋಗಿ ಕೈಮುಗಿದು, ಅಲ್ಲೇ ಒಂದು ಭಜನೆಯ ಕ್ಯಾಸೆಟ್ ಕೊಂಡೆವು. ಪರೀಕ್ಷೆಗೆ ಅದೇ ಇರಲಿ ಎಂದರು ಕಾಕಾ. ಅಂಗಡಿಯಲ್ಲಿ ಎರಡು ಜೊತೆ ಎದುರುಬದುರು ನಿಂತಿದ್ದವು. ಬೆಲೆ ಹೆಚ್ಚು ಕಡಿಮೆ ಒಂದೇ. ಒಂದು ಜೊತೆ ಸಾಗುವಾನಿಯ ದಪ್ಪ ಡಬ್ಬಿ, ಎತ್ತಲು ಇಬ್ಬರು ಬೇಕು. ಇನ್ನೊಂದರದು ತೆಳು ಹಲಗೆ, ಆದರೆ ಮೇಲೆ ಚೂಪು ದನಿಗೆಂದು ಎರಡೆರಡು ಸಣ್ಣ ಸ್ಪೀಕರ್. ಅಂಗಡಿಯವ ಕ್ಯಾಸೆಟ್ ಹಾಕುವ ಮೊದಲೇ ಕಾಕಾ ಉಂಗುರ ಎತ್ತಿದರು. ದಪ್ಪ ಡಬ್ಬಿ ಭದ್ ಎಂದಿತು. ತೆಳ್ಳನೆಯದು ಠಣ್ ಅಂತಲ್ಲದಿದ್ದರೂ ಠಕ್ ಎಂದು ಚೆನ್ನಾಗಿಯೇ ಗುಂಯ್‌ಗುಟ್ಟಿತು.

"ಇದರಾಗ ಬಿರುಕದ," ಎಂದರು ಸಾಗುವಾನಿಯನ್ನು ತೋರಿಸಿ.

ಅಂಗಡಿಯವ ಹಣೆ ಹಣೆ ಬಡಿದುಕೊಂಡ. "ಕಾಕಾಸಾಬ್, ಡಬ್ಬಿ ಮಾತಾಡಬಾರದ್ರಿ. ಒಳಗಿನ ಹಾಡಷ್ಟೇ ಮಾತಾಡಬೇಕು. ಭದ್ ಅನ್ನೋದೇ ಇದರ ಖೂಬಿ!"

"ತಾನೇ ಮಾತಾಡಲಾರದ್ದು ಹಾಡು ಹ್ಯಾಂಗ ಹೇಳ್ತದಪಾ?"

ಆಮೇಲೆ ಕ್ಯಾಸೆಟ್ ಹಾಕಿದ. ದಪ್ಪ ಡಬ್ಬಿಯಲ್ಲಿ ತಬಲಾ ಎದೆಗೆ ಬಂದು ತಾಗಿತು, ನನಗೆ ಆಗಲೇ ಮನಸ್ಸು ಆ ಕಡೆ ವಾಲಿತ್ತು. ಕಾಕಾ ತಲೆ ಬಗ್ಗಿಸಿ ಕೂತೇ ಇದ್ದರು. ತೆಳ್ಳನೆಯದಕ್ಕೆ ತಂತಿ ಬದಲಿಸಿ ಮತ್ತೆ ಅದನ್ನೇ ಹಾಕಿದಾಗ ಅವರ ತಲೆ ಮೇಲೆದ್ದಿತು. ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಮುಖ ಹಬ್ಬದ ಊಟಕ್ಕೆ ಕೂತವರ ಮುಖದಂತಾಗಿತ್ತು. "ಇದೇ," ಎಂದರು. ಅವರ ಮಾತು ಮೀರುವ ಧೈರ್ಯ ನನಗಿರಲಿಲ್ಲ. ಮನಸ್ಸಿಗೆ ಬಾರದಿದ್ದರೆ ಎಂಟು ದಿನದೊಳಗೆ ಬದಲಿಸಿಕೊಡುತ್ತೇನೆ ಎಂದ ಅಂಗಡಿಯವನ ಮುಖದಲ್ಲಿ ನನ್ನ ಮೇಲೆ ಕನಿಕರವಿತ್ತು. ಡಬ್ಬಿಗಳನ್ನು ಕೌದಿಯಲ್ಲಿ ಸುತ್ತಿ ತಂದೆವು. ಬಸ್ಸಿನ ಮೇಲಿಡಲು ಕಾಕಾ ಒಪ್ಪದೆ, ಒಂದನ್ನು ಊರು ಮುಟ್ಟುವವರೆಗೆ ತೊಡೆಯ ಮೇಲಿಟ್ಟುಕೊಂಡು ಕೂತರು.

ಮನೆಯಲ್ಲಿ ಹಚ್ಚಿದ ಕೂಡಲೇ ಅಪ್ಪ ಹಲ್ಲು ಕಚ್ಚಿದರು. ತಾಳದ ಒಂದೊಂದು ಪೆಟ್ಟೂ ಕಿವಿಗೆ ಸೂಜಿ ಚುಚ್ಚಿದಂತೆ. ಹಾಡುವವರು 'ಸ' ಅಂದರೆ ಸಾಕು, ಒಗ್ಗರಣೆ ಸಿಡಿದಂತಾಗುತ್ತಿತ್ತು. ಅವ್ವ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಅಪ್ಪ ಮರುದಿನದಿಂದ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಓಡಾಡಿದರು. ಕಾಕಾ ಮಾತ್ರ ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿಯುವ ಮೊದಲು ನಮ್ಮಲ್ಲಿಗೆ ಬಂದು, ಅದೇ ಕ್ಯಾಸೆಟ್ ಹಾಕಿಸಿ, ಕಣ್ಣುಮುಚ್ಚಿ ಕೇಳಿ ಹೋಗುತ್ತಿದ್ದರು. ಅವರೆದುರಿಗೆ ಹೇಗೆ ಹೇಳುವುದು? ಅವರಿಗೆ ತಿಳಿಯದಂತೆ ಬದಲಿಸಿ ತರುವುದೆಂದು ಮನೆಯವರೆಲ್ಲ ಸೇರಿ ನಿರ್ಧರಿಸಿದೆವು.

ಎಂಟನೆಯ ದಿನ ಬೆಳಿಗ್ಗೆ ಡಬ್ಬಿಗಳನ್ನು ಮತ್ತೆ ಕೌದಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದೆ. ಎಂದಿಗಿಂತ ಬೇಗ ಕಾಕಾ ಬಂದುಬಿಟ್ಟರು. ಕೈಯಲ್ಲಿ ಅವರ ಹಳೆಯ ತಾಳದ ಜೋಡಿ. ಅದನ್ನು ಅವರ ಕೈಯಲ್ಲಿ ನೋಡಿ ಎರಡು ವರ್ಷವಾಗಿತ್ತು. ಕೌದಿ ನೋಡಿದರು, ಹಗ್ಗ ನೋಡಿದರು, ಅಪ್ಪನ ಕಿವಿಯಲ್ಲಿದ್ದ ಹತ್ತಿಯನ್ನೂ ನೋಡಿದರು. ಮೆಲ್ಲಗೆ ಕಟ್ಟೆಯ ಮೇಲೆ ಕೂತರು.

"ಬದಲ್ ಮಾಡ್ಕೊಂಡು ಬಾರಪಾ. ತಪ್ಪು ನಂದೇ," ಎಂದರು. "ಎರಡು ವರ್ಷ ಆತು, ಈ ತಾಳದ ದನಿ ನನಗ ಕೇಳಂಗಿಲ್ಲ. ಬಡದದ್ದು ಕೈಗೆ ತಿಳೀತದ, ಕಿವಿಗೆ ಬರಂಗಿಲ್ಲ. ಭಜನ್ಯಾಗ ತಾಳ ತಪ್ಪಾಕತ್ತಿತ್ತು, ಅದಕ್ಕ ಮೊಣಕಾಲಂತ ಹೇಳಿದೆ. ಆವತ್ತ ಅಂಗಡ್ಯಾಗ ಆ ಡಬ್ಬಿ ಒಳಗ ಕೇಳ್ತು... ಎಲ್ಲರಿಗೂ ಹಂಗೇ ಕೇಳ್ತದ ಅನ್ಕೊಂಡೆ. ಓಣ್ಯಾಗ ಮಾತ್ರ ಹೇಳಬ್ಯಾಡ್ರಿ."

ಜೀವಮಾನವೆಲ್ಲ ತಾಮ್ರ ಬಡಿದ ಸದ್ದು ಅವರ ಕಿವಿಯಿಂದ ಚೂಪು ದನಿಗಳನ್ನೆಲ್ಲ ಕಿತ್ತುಕೊಂಡಿತ್ತು. ಊರಿಗೆಲ್ಲ ಕಿವಿಯಾದವರಿಗೆ ತಮ್ಮ ಕಿವಿಯ ಮಾತನ್ನು ಯಾರಿಗೂ ಹೇಳಲಾಗಿರಲಿಲ್ಲ. ಅಪ್ಪ ಒಂದು ಕಿವಿಯ ಹತ್ತಿ ತೆಗೆದು ಎಲ್ಲ ಕೇಳಿಸಿಕೊಂಡಿದ್ದರು. ಅದನ್ನು ಮತ್ತೆ ಒಳಗೆ ತುರುಕಿಕೊಂಡು, "ಕೌದಿ ಬಿಚ್ಚು. ಹತ್ತಿ ನಮ್ಮನ್ಯಾಗ ಬೇಕಾದಷ್ಟದ" ಎಂದರು.

ಬಿಚ್ಚಿದೆ. ಕ್ಯಾಸೆಟ್ ಹಾಕಿದೆ. ಕಾಕಾ ತಾಳ ಹಿಡಿದು ಆ ಭಜನೆಯ ಜೊತೆ ಮೊದಲಿನಿಂದ ಕೊನೆಯವರೆಗೆ ಒಂದು ಪೆಟ್ಟೂ ತಪ್ಪದೆ ಬಾರಿಸಿದರು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಕಾಕಿ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. "ಹಂಗಾದ್ರ ಇಷ್ಟು ದಿನ ನಾ ಬೈದದ್ದೆಲ್ಲಾ ದಂಡಾತೇನ್ರಿ!" ಎಂದು ಕಣ್ಣೊರೆಸಿಕೊಂಡು ನಕ್ಕರು. ಅದೂ ಕಾಕಾಗೆ ಕೇಳಿಸಲಿಲ್ಲ, ನಾನು ದಪ್ಪ ದನಿ ತೆಗೆದು ಹೇಳಬೇಕಾಯಿತು. ಅವರು ಬಿದ್ದು ಬಿದ್ದು ನಕ್ಕರು. ಓಣಿಯಲ್ಲಿ ನಾವ್ಯಾರೂ ಬಾಯಿ ಬಿಡಲಿಲ್ಲ. ಕೊಡದ ದಪ್ಪ ದನಿ ಅವರಿಗೆ ಕೇಳುತ್ತಲೇ ಇದ್ದುದರಿಂದ ಜನ ಮೊದಲಿನಂತೆ ಪಾತ್ರೆ ತಂದು ಬಡಿಸಿಕೊಂಡು ಹೋಗುತ್ತಿದ್ದರು. ಕಾಕಾನ ಗುರುವಾರದ ಭಜನೆ ಮಾತ್ರ ಅಲ್ಲಿಂದ ಮುಂದೆ ನಮ್ಮ ಮನೆಯಲ್ಲೇ ನಡೆಯಿತು, ಕ್ಯಾಸೆಟ್ಟಿನವರು ಮತ್ತು ಕಾಕಾ, ಇಷ್ಟೇ ಜನ.

ಕಾಕಾ ತೀರಿಕೊಂಡ ಮೇಲೆ ಕಾಕಿ ಆ ತಾಳದ ಜೋಡಿಯನ್ನು ನನ್ನ ಕೈಗಿಟ್ಟರು. ಈಗ ಅವರೂ ಇಲ್ಲ, ಅಪ್ಪನೂ ಇಲ್ಲ...

ಕೊಡ ಬಡಿದ ಆ ದಿನವೇ ತಾಳ ಹುಡುಕಿ ತೆಗೆದು ಬಾರಿಸಿ ನೋಡಿದೆ. ಕೈಗೆ ಪೆಟ್ಟು ತಿಳಿಯಿತು, ದನಿ ಬರಲಿಲ್ಲ. ಕಿಲುಬು ಹಿಡಿದಿರಬೇಕು ಎಂದುಕೊಂಡೆ. ಅಟ್ಟದ ಮೇಲಿಂದ ಆ ಸ್ಪೀಕರ್‌ಗಳನ್ನು ಇಳಿಸಿ, ದೂಳು ಒರೆಸಿ, ಹಳೆಯ ಡೆಕ್ಕಿಗೆ ಜೋಡಿಸಿ, ಅದೇ ಕ್ಯಾಸೆಟ್ ಹಾಕಿದೆ. ಎಷ್ಟು ಇಂಪಾಗಿತ್ತು! ತಾಳದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಜೇನಿನಂತೆ. ಇಂಥದ್ದನ್ನು ಆವತ್ತು ಯಾಕೆ ಬೈದೆವೋ ಎನಿಸಿತು. ತಿರುಗಿ ನೋಡಿದರೆ ಸೊಸೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಬಾಯಿ ಆಡುತ್ತಿತ್ತು, ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ.

ಮೊದಲು ನಗು ಬಂತು. ಆಮೇಲೆ ಗೋಡೆಯ ಕಡೆ ನೋಡಿದೆ. ಆಚೆ ಕಾಕಾ ಇದ್ದಿದ್ದರೆ ಕೂಗಿ ಹೇಳುತ್ತಿದ್ದೆ, ಕಾಕಾ, ಬರ್ರಿ, ಈಗ ನನಗೂ ಇದೇ ಬೇಕು ಅಂತ. ಸೊಸೆಯ ಕಡೆ ತಿರುಗಿ, ಮನೆಯಲ್ಲಿ ಹತ್ತಿ ಇದೆಯೇನವ್ವ ಎಂದು ಕೇಳಿದೆ.