ಎರಡನೆಯ ಸೀಟಿನ ಜೋಳದ ಚೀಲ

ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಮೂಲೆಯ ಶೆಡ್ಡಿನಲ್ಲಿ ತಮ್ಮ ಕೈಯಾರೆ ವಿಮಾನ ಕಟ್ಟುತ್ತಿರುವ ಬೆಳಗಾವಿ ಕಡೆಯ ಈರಣ್ಣ ಕರಡಿಗುದ್ದಿ ಯಾರ ಮನೆಗೆ ಹೋದರೂ ನೀರು ಕುಡಿಯುವ ಮೊದಲು ಫ್ಯಾನ್ ಆರಿಸಿ, ಕುರ್ಚಿ ಹತ್ತಿ, ಅದರ ರೆಕ್ಕೆಯ ಓರೆ ನೋಡುತ್ತಾರೆ. ಬೆವರುತ್ತ ನಿಂತ ಮನೆಯವರಿಗೆ, "ಓರೆ ತಪ್ಪೈತ್ರಿ, ಬರೇ ಕರೆಂಟ್ ತಿಂತೈತಿ" ಎಂದು ತೀರ್ಪು ಕೊಡುತ್ತಾರೆ. ಗುಜರಿಯವನಿಂದ ತಂದ ಹಳೆಯ ಕಾರಿನ ರೋಟರಿ ಎಂಜಿನ್ನಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರಂತೂ ಮುಗಿಯಿತು: "ಪಿಸ್ಟನ್ ಅಂದ್ರ ನಮ್ಮ ಲೋಕಲ್ ರೈಲು ಇದ್ದಂಗ್ರಿ, ಹೋಗೂದು, ನಿಲ್ಲೂದು, ಹೊಳ್ಳಿ ಬರೂದು. ಇದು ಬೀಸೂ ಕಲ್ಲು, ತಿರುಗೂದೊಂದೇ ಗೊತ್ತು." ಪ್ರೊಪೆಲರಿನ ಅಲಗುಗಳನ್ನು ಮಾತ್ರ ಬೇಕಾದ ಓರೆಗೆ ತಿರುಗಿಸಿ ಬಿಗಿಯಬಹುದು, ಭಾರ ಬದಲಾದರೆ ಓರೆಯೂ ಬದಲಾಗಬೇಕೆಂಬುದು ಅವರ ಶಾಸ್ತ್ರ. ಅದಕ್ಕೆಂದೇ ಎರಡನೆಯ ಸೀಟಿನಲ್ಲಿ ಹೆಂಡತಿ ರಾಚವ್ವನ ತೂಕದಷ್ಟು ಜೋಳದ ಚೀಲವನ್ನು ಬೆಲ್ಟ್ ಬಿಗಿದು ಕೂರಿಸಿದ್ದರು. "ಮತ್ತ ನಾ ಎಲ್ಲಿ ಕುಂದರ್ಲಿ?" ಎಂದು ಆಕೆ ನಗುತ್ತಿದ್ದಳು. ಜಡ್ಡು ಬಿದ್ದು ರಾಚವ್ವ ಸೊರಗತೊಡಗಿದಾಗ ಈರಣ್ಣ ಆಸ್ಪತ್ರೆಯಿಂದ ನೇರ ಶೆಡ್ಡಿಗೆ ಬಂದು, ಆಕೆಯ ತೂಕ ಇಳಿದಷ್ಟೇ ಜೋಳ ತೆಗೆದು, ಅಲಗುಗಳನ್ನು ಮತ್ತೆ ಹೊಂದಿಸುತ್ತಿದ್ದರು. ತೆಗೆದದ್ದನ್ನು ಡಬ್ಬಿಯಲ್ಲಿ ಕಾದಿಟ್ಟರು: "ಆಕಿ ಆರಾಮಾದ ಮ್ಯಾಲೆ ತಿರುಗಿ ಹಾಕೂದೈತಿ." ರಾಚವ್ವ ಹೋಗಿ ವರ್ಷವಾಯಿತು, ಡಬ್ಬಿಯ ಜೋಳಕ್ಕೆ ನುಸಿ ಹಿಡಿದಿದೆ. "ಒಬ್ಬರ ಭಾರಕ್ಕೇ ಹೊಂದಿಸಿಬಿಡಿ ಮಾರಾಯ್ರೆ, ನಾಳೆಯೇ ಹಾರ್ತದೆ" ಎಂದು ಎದುರಿನ ಕ್ಯಾಂಟೀನಿನ ಚೆನ್ನಯ ಹೇಳಿದಾಗಲೆಲ್ಲ, ಊರವರ ಫ್ಯಾನುಗಳನ್ನೆಲ್ಲ ತಿದ್ದುವ ಈರಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಎರಡನೆಯ ಸೀಟಿನತ್ತ ಬಾಗಿ, ಆ ಅರೆಚೀಲದ ಬೆಲ್ಟನ್ನು ಇನ್ನಷ್ಟು ಬಿಗಿಯುತ್ತಾರೆ.