ಗಾಲಿ ನೇತಾಡುವಾಗ ಬಿಗಿದ ಬೋಲ್ಟು

ಮೂಡಲಪಾಳ್ಯದ ನಮ್ಮ ಬೀದಿಯಲ್ಲಿ ಫಕೀರೇಶನ ಕಿವಿಯನ್ನು ನಂಬದವರಿರಲಿಲ್ಲ. ಗಾಡಿಯ ಮುಂಭಾಗದಲ್ಲಿ ಸದ್ದು ಬರುತ್ತದೆಂದು ಯಾರಾದರೂ ಬಂದರೆ ಅವನು ಮೊದಲಿಗೇ ಪಾನಾ ಹಿಡಿಯುತ್ತಿರಲಿಲ್ಲ. ನನ್ನ ಅಂಗಡಿಯ ಎದುರಿನ ರಸ್ತೆ ಹಂಪಿನ ಮೇಲೆ ಒಂದು ಸಲ ಹತ್ತಿಸಿ ಇಳಿಸಲು ಹೇಳಿ, ತಾನು ಚರಂಡಿ ಕಲ್ಲಿನ ಮೇಲೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದ. ಆಮೇಲೆ ಎಡಗಡೆಯ ಬುಷ್ಷೋ ಬಲಗಡೆಯ ಲಿಂಕ್ ರಾಡೋ ಎಂದು ಹೇಳಿಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಹೋಗಿರುತ್ತಿತ್ತು. ಇದನ್ನು ನೋಡಲು ಕೆಲಸವಿಲ್ಲದ ನಾಲ್ಕು ಜನ ಸೇರುತ್ತಿದ್ದರು. ಕೆಲಸವಿದ್ದರೂ ಸೇರುತ್ತಿದ್ದವಳು ನಾನು.

ನನ್ನ ಹೆಸರು ಗಿರಿಜಾದೇವಿ. ನಮ್ಮ ಯಜಮಾನರು ಹೋದ ಮೇಲೆ ಅವರ ಸ್ಪೇರ್ ಪಾರ್ಟ್ಸ್ ಅಂಗಡಿಯನ್ನು ನಾನೇ ನಡೆಸುತ್ತಿದ್ದೇನೆ. ಫಕೀರೇಶನ ಗ್ಯಾರೇಜು ಪಕ್ಕದ್ದೇ. ಅವನು ಶಿರಹಟ್ಟಿ ಕಡೆಯವನು. ಮೂವತ್ತು ವರ್ಷಗಳ ಹಿಂದೆ ಬಂದು ಪೀಣ್ಯದಲ್ಲಿ ಒಬ್ಬ ಮುದುಕ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತ. ಆ ಮುದುಕ ಹೇಗೆ ಕಲಿಸಿದ್ದನೋ ಹಾಗೇ ಇವತ್ತಿಗೂ ಮಾಡಬೇಕು, ಒಂದು ಬೋಲ್ಟಿನ ಸರದಿಯೂ ಬದಲಾಗಕೂಡದು. ಯಾರಾದರೂ ಎದುರು ಮಾತಾಡಿದರೆ ಮೂಗಿನ ತುದಿಯಲ್ಲೇ ಸಿಟ್ಟು. ನನಗೂ ಅಷ್ಟೇ. ಅದಕ್ಕೇ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಹೋದ ವರ್ಷ ಯುಗಾದಿ ಮುಗಿದ ಮೇಲೆ ರಮ್ಯ ಎಂಬ ಹುಡುಗಿ ಒಂದು ಎಲೆಕ್ಟ್ರಿಕ್ ವ್ಯಾನು ತಂದಳು. ಲಗ್ಗೆರೆಯವಳು. ಬಸವೇಶ್ವರನಗರದ ಯೋಗಾನಂದ ಎಂಬುವರು ದೋಸೆಹಿಟ್ಟು ಮಾಡಿ ಪ್ಯಾಕೆಟ್ಟಿನಲ್ಲಿ ಮಾರುತ್ತಾರೆ. ಬೆಳಿಗ್ಗೆ ವಿಜಯನಗರ, ಹೊಸಹಳ್ಳಿಯ ಅಂಗಡಿಗಳಿಗೆ ಅದನ್ನು ಹಾಕಿ ಬರುವುದು ಅವಳ ಕೆಲಸ. ಅವರ ಬೀದಿಯಲ್ಲಿ ಲೈಸೆನ್ಸು ತೆಗೆದುಕೊಂಡು ವ್ಯಾನು ಓಡಿಸಿದ ಮೊದಲ ಹೆಣ್ಣುಮಗಳು ತಾನೇ ಎಂದು ನನಗೆ ಐದೇ ನಿಮಿಷದಲ್ಲಿ ಹೇಳಿಬಿಟ್ಟಳು. ಹೇಳುವಾಗ ಮುಖ ಅರಳಿತ್ತು.

ಎಲೆಕ್ಟ್ರಿಕ್ ಗಾಡಿಗೆ ಇಂಜಿನ್ನಿನ ಗದ್ದಲವಿಲ್ಲ. ಹಾಗಾಗಿ ಕೆಳಗೆ ಒಂದು ಸಣ್ಣ ಟಕ್ ಎಂದರೂ ಡ್ರೈವರ ಕಿವಿಗೆ ಬೀಳುತ್ತದೆ. ಫಕೀರೇಶ ಕಣ್ಣು ಮುಚ್ಚಿ ಕೇಳಿ, ಎರಡೂ ಕಡೆಯ ಲೋಯರ್ ಆರ್ಮ್ ಬುಷ್ ಎಂದ. ಮುಂದಿನ ಗಾಲಿಯನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು ಅದು. ತೋಳು ಗಾಡಿಗೆ ಸೇರುವ ಜಾಗದಲ್ಲಿ ಬಳೆಯಂಥ ಒಂದು ರಬ್ಬರ್ ಬುಷ್ ಇರುತ್ತದೆ. ವ್ಯಾನನ್ನು ಜಾಕಿನ ಮೇಲೆತ್ತಿ, ಗಾಲಿ ಬಿಚ್ಚಿ, ಹಳೆಯದನ್ನು ಹೊಡೆದು ತೆಗೆದು, ನನ್ನ ಅಂಗಡಿಯ ಹೊಸ ಬುಷ್ ಕೂರಿಸಿ, ಬೋಲ್ಟು ಬಿಗಿದು ಇಳಿಸಿದ. ಸದ್ದು ಹೋಯಿತು.

ಐವತ್ತು ದಿನ ಆಗಿತ್ತೋ ಇಲ್ಲವೋ, ಅದೇ ಟಕ್ ಟಕ್. ಈ ಸಲ ರಮ್ಯಳ ಜೊತೆ ಯೋಗಾನಂದರೂ ಬಂದಿದ್ದರು. ಬಿಚ್ಚಿದರೆ ಎರಡೂ ರಬ್ಬರು ಹರಿದಿದ್ದವು. ಸಾಮಾನು ಕಳಪೆಯೇ ಎಂದು ಅವರು ನನ್ನ ಕಡೆ ನೋಡಿದರು, ನನಗೆ ಮೈ ಉರಿಯಿತು. ಕೆಲಸ ಸರಿಯಾಗಿತ್ತೇ ಎಂದು ಫಕೀರೇಶನ ಕಡೆ ನೋಡಿದರು. ನಾಲ್ಕು ಜನ ನಿಂತಿದ್ದರಲ್ಲ, ಅವನಿಗೂ ಉರಿಯಿತು.

"ನನ್ನ ಕೆಲಸ ಸುಮ್ನೆ ಕೆಡಲ್ಲ ಸಾರ್," ಎಂದ. "ಓಡ್ಸೋ ಕೈ ಸರಿ ಇಲ್ದಿದ್ರೆ ನಾನೇನ್ ಮಾಡ್ಲಿ? ಹಂಪ್ ಕಂಡ್ರೆ ಹಾರಿಸ್ತಾಳೆ ಈ ಹುಡ್ಗಿ."

ಸ್ಕೂಟಿ ಅಂದುಕೊಂಡಿದ್ದಾಳೆ ಎಂದು ನಾನೂ ಒಗ್ಗರಣೆ ಹಾಕಿದೆ. ಎಲ್ಲರೂ ನಕ್ಕರು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬಿಟ್ಟು ಬರೆದರೆ ಇನ್ನೂ ನಾಚಿಕೆಗೇಡು. ರಮ್ಯ ಮಾತ್ರ, ಹಿಟ್ಟಿನ ಕ್ರೇಟು ಇರುವುದರಿಂದ ತಾನು ಹಂಪಿನ ಹತ್ತಿರ ಪೂರ್ತಿ ನಿಲ್ಲಿಸಿಯೇ ಹತ್ತಿಸುವುದು, ಬೇಕಾದರೆ ಪಕ್ಕದಲ್ಲಿ ಕೂತು ಒಂದು ರೌಂಡ್ ನೋಡಿ ಎಂದು ಕೇಳಿಕೊಂಡಳು. ಫಕೀರೇಶ ಕೂರಲಿಲ್ಲ, ಮತ್ತೆ ಹೊಸ ಬುಷ್ ಹಾಕಿ ಗಾಡಿ ಕಳಿಸಿದ. ಮರುದಿನದಿಂದ ಯೋಗಾನಂದರು ವ್ಯಾನಿನ ಕೀಲಿಯನ್ನು ಬೈರಪ್ಪ ಎಂಬ ವಯಸ್ಸಾದ ಡ್ರೈವರಿಗೆ ಕೊಟ್ಟು, ಅವಳನ್ನು ಹಿಟ್ಟು ಪ್ಯಾಕ್ ಮಾಡುವ ಕಡೆಗೆ ಹಾಕಿದರು.

ಬೈರಪ್ಪನವರದು ತುಂಬಿದ ಹಾಲಿನ ಪಾತ್ರೆ ಹೊತ್ತವರ ಓಡಾಟ. ಸೈಕಲ್ಲಿನವರೂ ಅವರನ್ನು ದಾಟಿ ಹೋಗುತ್ತಾರೆ. ಅವರ ಕೈಯಲ್ಲಿ ವ್ಯಾನು ನಲವತ್ತೇ ದಿನಕ್ಕೆ ವಾಪಸ್ಸು ಬಂತು. ಫಕೀರೇಶ ಹರಿದ ಬುಷ್ಷನ್ನು ಅಂಗೈಯಲ್ಲಿಟ್ಟುಕೊಂಡು ನನ್ನ ಕೌಂಟರಿಗೆ ಬಂದ. ಅದನ್ನು ನನ್ನ ಮುಂದಿಟ್ಟ. ಹಿಂದಿನ ಸಲ ಎಲ್ಲಿ ಹರಿದಿತ್ತೋ ಸರಿಯಾಗಿ ಅಲ್ಲೇ, ಅದೇ ದಿಕ್ಕಿಗೆ ಹರಿದಿತ್ತು. ರಬ್ಬರು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು.

ನಾನು ಹೊಸ ಬುಷ್ಷಿನ ಡಬ್ಬಿ ಒಡೆದೆ. ಒಳಗೆ ಒಂದು ಮಡಿಚಿದ ಕಾಗದ ಇರುತ್ತದೆ. ವರ್ಷಗಟ್ಟಲೆ ಆ ಕಾಗದಗಳಲ್ಲಿ ನಾನು ನಟ್ಟು ವಾಷರ್ ಕಟ್ಟಿ ಕೊಡುತ್ತಿದ್ದೆ. ಅವತ್ತು ಬಿಡಿಸಿ ಓದಿದೆ. ಎರಡು ಚಿತ್ರಗಳಿದ್ದವು. ಗಾಲಿ ಗಾಳಿಯಲ್ಲಿ ನೇತಾಡುತ್ತಿರುವ ಗಾಡಿಗೆ ಅಡ್ಡಗೆರೆ ಹೊಡೆದಿದ್ದರು. ಗಾಲಿ ನೆಲ ಮುಟ್ಟಿದ ಗಾಡಿಗೆ ಸರಿ ಗುರುತು ಹಾಕಿದ್ದರು. ಗಾಡಿಯ ಭಾರ ಪೂರ್ತಿ ಗಾಲಿಯ ಮೇಲೆ ಬಿದ್ದ ಮೇಲೆಯೇ ಬೋಲ್ಟು ಕೊನೆಯದಾಗಿ ಬಿಗಿಯಬೇಕು ಎಂದು ಕೆಳಗೆ ಬರೆದಿತ್ತು. ಇಂಗ್ಲಿಷು ಓದಲು ಬಾರದ ಫಕೀರೇಶನಿಗೆ ಚಿತ್ರವೇ ಸಾಕಾಯಿತು.

ಗಾಡಿ ಜಾಕಿನ ಮೇಲಿದ್ದಾಗ ತೋಳು ಕೆಳಗೆ ಇಳಿಬಿದ್ದಿರುತ್ತದೆ. ಆಗಲೇ ಬಿಗಿದರೆ ಇಳಿಸಿದ ಕೂಡಲೇ ತೋಳು ಮೇಲೇರಿ ರಬ್ಬರು ತಿರುಚುತ್ತದೆ, ದಿನವಿಡೀ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಮುದುಕ ಮೇಸ್ತ್ರಿ ಕಲಿಸಿದ್ದು ಗಾಡಿ ಮೇಲಿರುವಾಗಲೇ ಬಿಗಿಯುವುದನ್ನು, ಏಕೆಂದರೆ ಇಳಿಸಿದ ಮೇಲೆ ಕೆಳಗೆ ಪಾನಾ ಆಡಿಸಲು ಜಾಗ ಸಾಲದು. ಡೀಸೆಲ್ ಗಾಡಿಗಳ ಗದ್ದಲದಲ್ಲಿ ಆ ಸದ್ದು ಯಾರಿಗೂ ಕೇಳಲಿಲ್ಲ. ಕೇಳಿದ ದಿನ ಎಲ್ಲರೂ ರಸ್ತೆಗೆ ಬೈದರು. ಬ್ಯಾಟರಿಯ ಭಾರ ಹೊತ್ತ ಈ ಮೌನದ ವ್ಯಾನು ಮೂವತ್ತು ವರ್ಷದ ತಪ್ಪನ್ನು ಐವತ್ತು ದಿನಕ್ಕೆ ತೋರಿಸಿತು. ಫಕೀರೇಶನ ಮುಖ ಸಣ್ಣಗಾಯಿತು. ಅವತ್ತು ಗಾಲಿಗಳ ಕೆಳಗೆ ಮರದ ದಿಮ್ಮಿ ಕೊಟ್ಟು, ಭಾರ ಇಳಿಸಿ, ಅಂಗಾತ ಮಲಗಿ ಚಿತ್ರದಲ್ಲಿದ್ದ ಹಾಗೆ ಬಿಗಿದ.

ಇಷ್ಟಕ್ಕೇ ನಿಂತಿದ್ದರೆ ತಿಳಿಯದೆ ಆದ ತಪ್ಪು ಎನ್ನಬಹುದಿತ್ತು. ಆದರೆ ಸಂಜೆ ಯೋಗಾನಂದರು ಫೋನ್ ಮಾಡಿ, ಡ್ರೈವರು ಬದಲಾದರೂ ಏಕೆ ಹೀಗಾಯಿತು ಎಂದು ಕೇಳಿದರು. ಆ ಹುಡುಗಿ ಹಾರಿಸಿದ ಪೆಟ್ಟು ಒಳಗೇ ಉಳಿದುಬಿಟ್ಟಿತ್ತು, ಈಗ ಸರಿಮಾಡಿದ್ದೇನೆ ಎಂದ ಫಕೀರೇಶ. ನನ್ನ ಎದುರೇ ಹೇಳಿದ. ನಾನು ಆ ಕಾಗದವನ್ನು ಮತ್ತೆ ಮಡಿಚುತ್ತಾ ಕೂತಿದ್ದೆ. ಮಡಿಚಿದ್ದನ್ನು ಡಬ್ಬಿಯೊಳಗೇ ಹಾಕಿ ಮುಚ್ಚಿದೆ.

ಆಮೇಲೆ ವ್ಯಾನಿನಲ್ಲಿ ಸದ್ದೇ ಇಲ್ಲ. ಯೋಗಾನಂದರು ಕಂಡಕಂಡವರಿಗೆ ಫಕೀರೇಶನ ಕೈಗುಣ ಹೊಗಳಿ ಇನ್ನೂ ಎರಡು ಗಾಡಿ ಕಳಿಸಿದರು. ಹೊಗಳಿದಾಗಲೆಲ್ಲ ಅವನು ಏನೋ ನೆಪ ಹೇಳಿ ಗಾಡಿಯ ಕೆಳಗೆ ಸೇರಿಕೊಳ್ಳುತ್ತಿದ್ದ. ಹಂಪಿನ ಪಕ್ಕ ನಿಂತು ಕಣ್ಣು ಮುಚ್ಚುವುದನ್ನು ಬಿಟ್ಟ. ನೋಡಲು ಸೇರುತ್ತಿದ್ದ ಜನ ಒತ್ತಾಯ ಮಾಡಿದರೆ ರೇಗುತ್ತಿದ್ದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಕಡಿಮೆಯಾಯಿತು.

ದೀಪಾವಳಿಗೆ ಮುಂಚಿನ ಒಂದು ಭಾನುವಾರ ರಮ್ಯ ಬಂದಳು. ನಾಲ್ಕು ತಿಂಗಳು ತಣ್ಣನೆಯ ಹುಳಿಹಿಟ್ಟಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬಿಳಚಿ ಸುಲಿದಿದ್ದವು. ಜಗಳಕ್ಕೆ ಬಂದಿದ್ದಾಳೆಂದು ನಾನು ಅಂದುಕೊಂಡೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಅಣ್ಣ, ನಾನೆಲ್ಲಿ ತಪ್ಪು ಮಾಡ್ತಿದ್ದೆ ಅಂತ ಹೇಳ್ಕೊಡ್ತೀರಾ?" ಎಂದಳು. "ಎಷ್ಟು ಯೋಚ್ನೆ ಮಾಡಿದ್ರೂ ಗೊತ್ತಾಗ್ತಿಲ್ಲ. ಹಂಪ್ ಹೆಂಗೆ ಹತ್ತಿಸ್ಬೇಕು ಅಂತ ಕಲ್ತ್ಕೊಂಡ್ರೆ ಸಾರ್ ಹತ್ರ ಇನ್ನೊಂದ್ಸಲ ಕೇಳ್ಬೋದು."

ಫಕೀರೇಶ ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ನಾಳೆ ನಾನೇ ಅಲ್ಲಿಗೆ ಬರುತ್ತೇನೆ ಎಂದಷ್ಟೇ ಹೇಳಿ ಕಳಿಸಿದ. ಅವಳು ಹೋದ ಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತ. "ಅಕ್ಕೋರೆ, ನೀವೂ ಬರ್ರಿ," ಎಂದ. "ಒಬ್ಬನೇ ಹೋದ್ರ ನಾ ಮತ್ತೇನರ ಸುಳ್ಳು ಹೇಳ್ತೀನಿ." ಮೂವತ್ತು ವರ್ಷ ಇಲ್ಲಿದ್ದರೂ ಎದೆ ಭಾರವಾದಾಗ ಅವನ ಊರಿನ ಮಾತು ಹೊರಬರುತ್ತದೆ.

ಮರುದಿನ ಬೆಳಿಗ್ಗೆ ಬಸವೇಶ್ವರನಗರಕ್ಕೆ ಹೋದೆವು. ಬೈರಪ್ಪನವರು ಇನ್ನೂ ಬಂದಿರಲಿಲ್ಲ, ವ್ಯಾನು ಚಾರ್ಜಿಗೆ ನಿಂತಿತ್ತು. ಫಕೀರೇಶ ಎಲ್ಲರೆದುರು ತಪ್ಪು ತನ್ನದು, ಹುಡುಗಿಯದಲ್ಲ ಎಂದ. ಯೋಗಾನಂದರು ನಕ್ಕುಬಿಟ್ಟರು. ಬಡವರ ಹುಡುಗಿ ಬಂದು ಅತ್ತಿರಬೇಕು, ನಿಮ್ಮದು ದೊಡ್ಡ ಮನಸ್ಸು, ಕಾಫಿ ಕುಡಿಯಿರಿ ಎಂದರು. ಫೋನಿನಲ್ಲಿ ಹೇಳಿದ್ದೂ ಸುಳ್ಳು ಎಂದ. ಅದನ್ನೂ ಅವರು ನಂಬಲಿಲ್ಲ. ನಾನು ಕಾಗದ ತೋರಿಸಿದೆ. ಇಂಥ ಕಾಗದಕ್ಕಿಂತ ಫಕೀರೇಶಣ್ಣನ ಅನುಭವ ದೊಡ್ಡದು ಎಂದರು. ಅವನ ಒಳ್ಳೆಯ ಹೆಸರೇ ಅವನಿಗೆ ಅಡ್ಡ ನಿಂತಿತ್ತು.

ಫಕೀರೇಶ ಕಾಫಿ ಮುಟ್ಟಲಿಲ್ಲ. ಚೀಲದಿಂದ ಜಾಕು, ಪಾನಾ, ಮರದ ದಿಮ್ಮಿ ತೆಗೆದ. ಗಾಲಿ ಎತ್ತಿ, ಬೋಲ್ಟು ಸಡಿಲಿಸಿ, ಬುಷ್ಷಿನ ಒಳಗಿನ ಕೊಳವೆಯಿಂದ ರಬ್ಬರಿನ ಮೇಲೆ ಹಾದು ಹೊರಗಿನ ಬಳೆಯವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದ. ತನ್ನ ಹಳೆಯ ರೀತಿಯಲ್ಲೇ ಮೇಲೆ ಬಿಗಿದು, ದಿಮ್ಮಿಯ ಮೇಲೆ ಇಳಿಸಿದ. ಯೋಗಾನಂದರನ್ನು ಬಗ್ಗಿ ನೋಡಲು ಕರೆದ. ಅವರು ಪಂಚೆ ಎತ್ತಿಕಟ್ಟಿ ಒದ್ದೆ ನೆಲದ ಮೇಲೆ ಮಂಡಿಯೂರಿದರು. ಗೆರೆ ಸೊಟ್ಟಗಾಗಿತ್ತು. ಗಾಡಿಯನ್ನು ಹಾಗೇ ಬಿಟ್ಟು ಬೋಲ್ಟು ಸಡಿಲಿಸಿದ. ರಬ್ಬರು ಟಪ್ಪನೆ ಹಿಂದಕ್ಕೆ ತಿರುಗಿ ಗೆರೆ ನೆಟ್ಟಗಾಯಿತು.

"ಎಷ್ಟ್ ವರ್ಷದಿಂದ ಹಿಂಗ್ ಬಿಗೀತಿದ್ರಿ?" ಎಂದು ಯೋಗಾನಂದರು ಮೆಲ್ಲಗೆ ಕೇಳಿದರು.

"ಮೂವತ್ತು."

ಹಿಟ್ಟು ತುಂಬುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ಫಕೀರೇಶ ನೆಲದ ಮೇಲೆ ಬಿದ್ದುಕೊಂಡೇ ಬೋಲ್ಟನ್ನು ಸರಿಯಾಗಿ ಬಿಗಿದ. ಎದ್ದು ಬಂದಾಗ ಬೆನ್ನೆಲ್ಲ ಹಿಟ್ಟು ಮೆತ್ತಿತ್ತು. ಯೋಗಾನಂದರು ಮೊಳೆಯಿಂದ ಕೀಲಿ ತೆಗೆದು, ಯಾರ ಮುಖವನ್ನೂ ನೋಡದೆ ರಮ್ಯಳ ಕೈಗೆ ಕೊಟ್ಟರು.

ಅವಳು ಕೈ ತೊಳೆದುಕೊಂಡು ಬಂದು ಚಾರ್ಜರಿನ ವೈರು ಕಿತ್ತಳು. ಫಕೀರೇಶ ಅವಳ ಎದುರು ಹೋಗಿ ನಿಂತ. ನಾಲ್ಕು ಜನರ ಮುಂದೆ ಹಾಗೆ ಹೇಳಬಾರದಿತ್ತು, ಸಾಹುಕಾರರು ನನ್ನ ಮಾತು ನಂಬಿ ನಿನಗೆ ಅನ್ಯಾಯ ಮಾಡಿದರು ಎಂದ.

"ಅವರು ನಂಬಿದ್ದು ಬಿಡಿ ಅಣ್ಣ," ಎಂದಳು ರಮ್ಯ. "ನಾನೇ ನಂಬ್ಬಿಟ್ಟಿದ್ದೆ."

ಹೊಸಹಳ್ಳಿಯ ಅಂಗಡಿಗಳಿಗೆ ಆಗಲೇ ಹೊತ್ತಾಗಿತ್ತು. ಅವಳು ಕ್ರೇಟುಗಳನ್ನು ಒಂದೊಂದಾಗಿ ಏರಿಸತೊಡಗಿದಳು. ಸಹಾಯಕ್ಕೆಂದು ಕೈಹಾಕಲು ನಮಗಿಬ್ಬರಿಗೂ ಮುಖವಿರಲಿಲ್ಲ.